ಕ್ಯಾಮೆರಾಕ್ಕೆ ತಂತಿಯಿಲ್ಲದ ಕಡಿವಾಣ

ಗೋಕಾಕದ ಬಳಿ ಘಟಪ್ರಭಾ ನದಿಯು ಸುಮಾರು 52 ಮೀಟರು ಎತ್ತರದಿಂದ ಧುಮುಕುತ್ತದೆ. ಮಳೆಗಾಲದ ಆ ರಭಸವನ್ನು ಚಿತ್ರಿಸಲು ಡಿಜಿಟಲ್ ಚಲನಚಿತ್ರ ಕ್ಯಾಮೆರಾವನ್ನು ಬಂಡೆಯ ಮೇಲೆ ನಿಲ್ಲಿಸಿ, ಚಿತ್ರಗ್ರಾಹಕನು ದೂರದ ಸುರಕ್ಷಿತ ನೆಲೆಯಿಂದ ಅದನ್ನು ನಡೆಸುವ ಬಗೆ ಹೇಗೆ? ವೈ-ಫೈ ಜಾಲದಿಂದ ಇದು ಸಾಧ್ಯ. ಅದರ ತತ್ತ್ವವನ್ನು ನಾವೀಗ ವಿವೇಚಿಸೋಣ.

ಮೊದಲು ಕ್ಯಾಮೆರಾವನ್ನೂ ಫೋನನ್ನೂ ಒಂದೇ ಜಾಲಕ್ಕೆ ಸೇರಿಸಬೇಕು. ಜಾಲದ ಹೆಸರೂ ಗುಪ್ತಪದವೂ ಎರಡಕ್ಕೂ ಸಮಾನ. ಅಂಕೆಗಳ ವಿಳಾಸ ಮಾತ್ರ ಬೇರೆ. ಒಂದರದು 192.168.0.10 ಆದರೆ ಇನ್ನೊಂದರದು 192.168.0.11 ಆಗಿರಲಿ. ಎರಡು ಮನೆಗಳಿಗೆ ಒಂದೇ ಸಂಖ್ಯೆಯಿದ್ದರೆ ಅಂಚೆಯವನು ತಬ್ಬಿಬ್ಬಾಗುವನಷ್ಟೆ!

ಇನ್ನು ದೂರದ ವಿಚಾರ. ತೆರೆದ ಬಯಲಿನಲ್ಲಿ ದೂರವು ಇಮ್ಮಡಿಸಿದರೆ ತರಂಗದ ತೀವ್ರತೆಯು ಕಾಲುಭಾಗಕ್ಕೆ ಇಳಿಯುತ್ತದೆ. ಜಲಪಾತದ ಬಳಿಯ ತೂಗುಸೇತುವೆಯ ಉದ್ದ ಸುಮಾರು 200 ಮೀಟರು. ಅಷ್ಟು ದೂರದಲ್ಲಿ ದೊರೆಯುವುದು 50 ಮೀಟರಿನಲ್ಲಿ ದೊರೆತುದರ 16ರಲ್ಲಿ ಒಂದು ಪಾಲು ಮಾತ್ರ. ಬಂಡೆಯಾಗಲಿ ಮನುಷ್ಯದೇಹವಾಗಲಿ ಅಡ್ಡಬಂದರೆ ಅದೂ ಕುಂದುತ್ತದೆ. ಆದುದರಿಂದ ಎರಡು ಉಪಕರಣಗಳ ನಡುವೆ ನೇರ ನೋಟವಿರಬೇಕು.

ಚಿತ್ರವು ಕ್ಯಾಮೆರಾದೊಳಗಿನ ಕಾರ್ಡಿನಲ್ಲಿಯೇ ದಾಖಲಾಗುವುದರಿಂದ, ಸಂಪರ್ಕವು ಕಡಿದರೂ ಸಾಮಾನ್ಯವಾಗಿ ಚಿತ್ರೀಕರಣ ನಿಲ್ಲದು. ಆದರೆ ‘ನಿಲ್ಲಿಸು’ ಎಂಬ ಆಜ್ಞೆಯೂ ತಲಪದು. ಆಗ ಅದನ್ನು ನಿಲ್ಲಿಸಲೆಂದು ಯಾರೂ ಬಂಡೆಯಂಚಿಗೆ ಓಡುವಂತಾಗಬಾರದು. ನೀರಿನ ಸಮೀಪ ಕ್ಯಾಮೆರಾ ಇಡುವ ಮೊದಲೇ, ಅಷ್ಟೇ ದೂರದ ಸುರಕ್ಷಿತ ನೆಲದಲ್ಲಿ ಸಂಪರ್ಕವನ್ನು ಪರೀಕ್ಷಿಸುವುದು ಜಾಣತನ.