ತೂತು ಸಿಗುವವರೆಗೆ ಅಂಟು ಬೇಡ

ರಿಮೋಟ್‌ನಿಂದ ಓಡುವ ಮಾದರಿ ಜಲಾಂತರ್ಗಾಮಿಯ ಒಳಡಬ್ಬಿಯಲ್ಲಿ ನೀರು ಕಂಡೊಡನೆ ಸಿಲಿಕೋನ್ ಟ್ಯೂಬ್ ಹುಡುಕಬೇಡಿ. ಮೊದಲು ತೂತು ಹುಡುಕಿ. ಆಳಕ್ಕೆ ಹೋದದ್ದಕ್ಕೇ ಸೋರಿತು ಎಂಬುದು ಅರ್ಧ ಸತ್ಯ. ಬಿಸಿಲಲ್ಲಿ 35 ಡಿಗ್ರಿಗೆ ಕಾದ ಗಾಳಿಯನ್ನು ಡಬ್ಬಿಯಲ್ಲಿ ಮುಚ್ಚಿ 20 ಡಿಗ್ರಿಯ ಕೊಳಕ್ಕೆ ಬಿಟ್ಟರೆ, ಗಾಳಿ ತಣಿದು ಒಳಗಿನ ಒತ್ತಡ ಸುಮಾರು ಶೇ. 5ರಷ್ಟು ಇಳಿಯುತ್ತದೆ. ಅದು ಅರ್ಧ ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಅಂದರೆ ಮುಳುಗುವ ಮುನ್ನವೇ ಡಬ್ಬಿ ನೀರು ಹೀರಲು ಸಿದ್ಧ. ಆದ್ದರಿಂದ ಡಬ್ಬಿಗೊಂದು ಸಣ್ಣ ನಳಿಕೆ ಕೂರಿಸಿ, ಸಿರಿಂಜ್‌ನಿಂದ ಹಗುರಾಗಿ ಗಾಳಿ ತುಂಬಿ, ಬಕೆಟ್ಟಿನಲ್ಲಿ ಅದ್ದಿ. ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ಮಾಡುವುದೂ ಇದನ್ನೇ. ಗುಳ್ಳೆ ಬಹುಮಟ್ಟಿಗೆ ಏಳುವುದು ಪ್ರೊಪೆಲರ್ ದಂಡ, ಚುಕ್ಕಾಣಿಯ ಸರಳು ಹೊರಬರುವಲ್ಲಿ, ಇಲ್ಲವೇ ಮುಚ್ಚಳದ ಓ-ರಿಂಗ್ ಬಳಿ. ಅಲ್ಲಿ ಸಿಕ್ಕಿಕೊಂಡ ಒಂದು ಕೂದಲೆಳೆ ಸಾಕು.

ಹೊರಗಿನಿಂದ ನೀರು ಒತ್ತುವಾಗ ಒಳಗಿನಿಂದ ಗಾಳಿ ಒತ್ತಿ ನೋಡಿದರೇನು ಬಂತು ಎನ್ನಬಹುದು. ಆಕ್ಷೇಪ ನ್ಯಾಯವೇ: ತುಟಿಯಿರುವ ಸೀಲುಗಳು ಒಂದು ದಿಕ್ಕಿಗೆ ಬಿಗಿ, ಇನ್ನೊಂದಕ್ಕೆ ಸಡಿಲ. ಹಾಗಾಗಿ ಒಳಗೆ ಟಿಶ್ಯೂ ಕಾಗದವಿಟ್ಟು, ಸಿರಿಂಜ್‌ನಿಂದ ಗಾಳಿ ಎಳೆದೂ ಅದ್ದಿ ನೋಡಿ. ಕಾಗದ ಎಲ್ಲಿ ಒದ್ದೆಯಾಯಿತೋ ಅಲ್ಲಿ ಹುಡುಕಿ. ಎಲ್ಲಕ್ಕೂ ಸಿಲಿಕೋನ್ ಬಳಿದರೆ ಮುಗಿಯಿತಲ್ಲ ಎನ್ನುವವರಿಗೆ ಹೇಳುವುದಿಷ್ಟು: ವಿನಿಗರ್ ವಾಸನೆಯ ಸಿಲಿಕೋನ್ ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ, ಸರ್ಕ್ಯೂಟು ಇರುವುದೂ ಅದೇ ಡಬ್ಬಿಯಲ್ಲಿ. ತಿರುಗುವ ದಂಡದ ಮೇಲಂತೂ ಅಂಟು ನಿಲ್ಲುವುದೇ ಇಲ್ಲ. ನೈಟ್ರೈಲ್ ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ರಿಂಗೇ ಸಿಲಿಕೋನಿನದಾದರೆ ಆ ಗ್ರೀಸ್ ಬೇಡ, ಉಬ್ಬಿಕೊಳ್ಳುತ್ತದೆ. ಬ್ಯಾಟರಿ ಜೋಡಿಸುವುದು ಎರಡೂ ಪರೀಕ್ಷೆ ಮುಗಿದ ಮೇಲೆ.