ನೀಲಿಗಿಡದ ಬೀಜ ಮೊಳೆಯದೇಕೆ?

ಬಂಡೀಪುರದ ಅಂಚಿನ ಮದ್ದೂರಿನ ತಮ್ಮ ಹಿತ್ತಿಲಲ್ಲಿ ಎರಡು ಸಲ ಬಿತ್ತಿದ ನೀಲಿಬೀಜವು ಮೊಳೆಯಲಿಲ್ಲವೆಂದು ಖಿನ್ನರಾಗಿ ಬರೆದಿದ್ದೀರಿ. ದೋಷವು ತಮ್ಮ ಕೈಯದಲ್ಲ, ಬೀಜದ ಸ್ವಭಾವವೇ ಅಂಥದು. ಅವರೆ, ತೊಗರಿಗಳ ಕುಲಕ್ಕೇ ಸೇರಿದ ಈ ಸಸ್ಯದ ಬೀಜವು, ಅಕಾಲದ ಒಂದು ಮಳೆಗೆ ಮರುಳಾಗಿ ಮೊಳೆತು ಬಿಸಿಲಿನಲ್ಲಿ ಬಾಡದಿರಲೆಂಬಂತೆ, ನೀರು ನುಸುಳದ ಕಠಿಣ ಕವಚವನ್ನು ಧರಿಸಿರುತ್ತದೆ. ಆದುದರಿಂದ ಅದನ್ನು ಒರಟು ಮರಳಿನೊಡನೆ ಮೆಲ್ಲನೆ ಉಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದಿರುಳು ನೆನೆಯಿಸಿ, ಉಬ್ಬಿದವನ್ನು ಮಾತ್ರ ಆಯ್ದು, ಮುಂಗಾರು ನೆಲೆನಿಂತ ಮೇಲೆ, ತುಂಬು ಬಿಸಿಲು ಬೀಳುವ, ನೀರು ನಿಲ್ಲದ ಎಡೆಯಲ್ಲಿ 1 ಸೆಂಟಿಮೀಟರಿನಷ್ಟು ಆಳಕ್ಕೆ ಬಿತ್ತತಕ್ಕದ್ದು. ಉಬ್ಬದವನ್ನು ಮತ್ತೊಮ್ಮೆ ಉಜ್ಜಿ ನೆನೆಯಿಸಿರಿ.

ತಾಯಿಬೇರು ಆಳಕ್ಕಿಳಿಯುವುದರಿಂದ ಸಸಿಯನ್ನು ಕಿತ್ತು ನೆಡುವುದಕ್ಕಿಂತ ಮೊಳೆತಲ್ಲಿಯೇ ಬೆಳೆಸುವುದು ಲೇಸು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಯೂರಿಯಾ ಅನಾವಶ್ಯಕ. ತಾವು ವಿಚಾರಿಸಿರುವ ಅಮೆರಿಕದ ಕಾಡುನೀಲಿ, ಬ್ಯಾಪ್ಟೀಷಿಯಾ, ಕಡುಚಳಿಯ ಶಿಶಿರವನ್ನು ಬಯಸುವ ಸಸ್ಯ. ನಮ್ಮ ಇಂಡಿಗೋಫೆರಾ ಟಿಂಕ್ಟೋರಿಯಾ ಈ ಬಿಸಿಲಿಗೆ ಒಗ್ಗಿದ್ದು, ನಿಜವಾದ ನೀಲವರ್ಣದ ಮೂಲವನ್ನು ತನ್ನ ಎಲೆಯಲ್ಲಿ ಹೊತ್ತದ್ದು. ಬಂಡೀಪುರದ ಅಂಚಿನಲ್ಲಿರುವ ತಾವು ಬೀಜಕ್ಕಾಗಿ ಕಾಡನ್ನು ಹೊಗದೆ, ತಮ್ಮ ಮೊದಲ ಗಿಡದ ಕಾಯಿಗಳನ್ನೇ ಒಣಗಿಸಿ ಕಾದಿಡಿರಿ. ಸಹನೆಯಿಂದ ಸಾಕಿದ ಗಿಡವು ಮುಂದಿನ ಮುಂಗಾರಿಗೆ ತಾನೇ ದಾನಿಯಾಗುವುದು.