ನಾಚಿಕೆ ಬಿಟ್ಟು ಕೇಳಬೇಕಾದ ಪ್ರಶ್ನೆ

ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಈ ಮಾತು ಕಿವಿಯಲ್ಲಿರಲಿ. ಅಜ್ಜ ‘ಹೊಟ್ಟೆ ಉಬ್ಬರ, ಊಟ ಬೇಡ’ ಎಂದು ಮಗ್ಗುಲಾದರೆ ನಮ್ಮ ಕೈ ಮೊದಲು ಹೋಗುವುದು ಓಮದ ಡಬ್ಬಿಗೆ. ಅದಕ್ಕೂ ಬಗ್ಗದಿದ್ದರೆ ಹರಳೆಣ್ಣೆಗೆ. ಸ್ವಲ್ಪ ತಾಳಿ. ಮೊದಲು ನಾಚಿಕೆ ಬಿಟ್ಟು ಕೇಳಿ: ‘ಹೂಸು ಹೋಯಿತಾ?’

ಮಲವೂ ಇಲ್ಲ, ಗಾಳಿಯೂ ಇಲ್ಲ, ಹೊಟ್ಟೆ ಬಿಗಿದಿದೆ, ನೋವು ಬಿಟ್ಟುಬಿಟ್ಟು ಹಿಂಡುತ್ತಿದೆ, ಹಸಿರು ವಾಂತಿಯಾಗುತ್ತಿದೆ ಎಂದರೆ ಅದು ಬರೀ ಮಲಬದ್ಧತೆಯಲ್ಲ, ಕರುಳು ಕಟ್ಟಿಕೊಂಡಿರಬಹುದು. ಆಗ ಭೇದಿ ಮದ್ದು ಕುಡಿಸುವುದು ಕಟ್ಟಿದ ಮೋರಿಗೆ ಇನ್ನಷ್ಟು ನೀರು ಬಿಟ್ಟಂತೆ. ಮುದಿದೇಹ ನೋವನ್ನು ಅಡಗಿಸಿಡುತ್ತದೆ, ಎಷ್ಟೋ ಸಲ ಜ್ವರವನ್ನೂ ತೋರಿಸುವುದಿಲ್ಲ. ‘ಬೆಳಗ್ಗೆ ನೋಡೋಣ’ ಎನ್ನಬೇಡಿ.

ಡಾಕ್ಟರಿಗೆ ಮೂರು ಸಂಗತಿ ತಪ್ಪದೆ ಹೇಳಿ. ಹಿಂದೆಂದಾದರೂ ಹೊಟ್ಟೆಯ ಆಪರೇಷನ್ ಆಗಿತ್ತೇ? ಮೂವತ್ತು ವರ್ಷದ ಹಿಂದಿನ ಗಾಯದ ಅಂಟೂ ಇಂದು ಕರುಳನ್ನು ಬಿಗಿಯಬಲ್ಲದು. ತೊಡೆಸಂದಿಯಲ್ಲಿ ಗಂಟಿದೆಯೇ? ಅಜ್ಜಿ ಸಂಕೋಚಕ್ಕೆ ಮುಚ್ಚಿಟ್ಟ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿರಬಹುದು. ರಕ್ತ ತೆಳುವಾಗುವ ಗುಳಿಗೆ ನುಂಗುತ್ತಾರೆಯೇ? ಗುಳಿಗೆಯ ಡಬ್ಬಿಯನ್ನೇ ಒಯ್ಯಿರಿ. ಇತ್ತೀಚೆಗೆ ಮಲದಲ್ಲಿ ರಕ್ತ ಕಂಡಿದ್ದರೆ ಅದನ್ನೂ ಬಚ್ಚಿಡಬೇಡಿ. ದೊಡ್ಡ ಕರುಳಿನಲ್ಲಿ ಗಡ್ಡೆಯಿರಬಹುದು.

ಆಸ್ಪತ್ರೆ ಸೇರಿದವರನ್ನೆಲ್ಲ ಕೊಯ್ಯುವುದಿಲ್ಲ. ಬಾಯಿಗೆ ಏನೂ ಕೊಡದೆ, ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿ, ಡ್ರಿಪ್ ಏರಿಸಿ, ಸ್ಕ್ಯಾನ್ ಮಾಡುತ್ತಾರೆ. ಅಂಟಿನಿಂದಾದ ಕಟ್ಟು ಎಷ್ಟೋ ಸಲ ತಾನಾಗಿಯೇ ಸಡಿಲುತ್ತದೆ. ಅಪಾಯದ ಸುಳಿವಿಲ್ಲದಿದ್ದರೆ ಅದಕ್ಕಾಗಿ 72 ಗಂಟೆಯವರೆಗೂ ಕಾಯುವುದುಂಟು. ಆದರೆ ಕರುಳಿಗೆ ರಕ್ತ ಹರಿಯುವುದೇ ನಿಂತರೆ ಅದು ಗಂಟೆಗಳಲ್ಲೇ ಕೊಳೆಯತೊಡಗುತ್ತದೆ. ನೆಂಟರು ಸಭೆ ಸೇರಿ ‘ಈ ವಯಸ್ಸಿಗೆ ಆಪರೇಷನ್ ಯಾಕೆ?’ ಎನ್ನುವುದು ಆಗಲೇ.

ಆ ಪ್ರಶ್ನೆ ತಪ್ಪಲ್ಲ, ಕೇಳುವ ಜಾಗ ತಪ್ಪು. ಅದನ್ನು ಸರ್ಜನ್‌ಗೆ ಕೇಳಿ: ಮಾಡಿದರೆ ಏನು, ಮಾಡದಿದ್ದರೆ ಏನು? ಅಪಾಯ ಇದ್ದೇ ಇದೆ. ಹೃದಯ, ಶ್ವಾಸಕೋಶ, ಮೂತ್ರಪಿಂಡ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೊಟ್ಟೆಯ ಮೇಲೆ ಮಲದ ಚೀಲ ಹಾಕಬೇಕಾಗಬಹುದು, ಕೆಲವರಿಗೆ ಮುಂದೆ ತೆಗೆಯಲೂಬಹುದು. ಎಲ್ಲವನ್ನೂ ತಿಳಿದು, ಪ್ರಜ್ಞೆಯಿದ್ದರೆ ಮಲಗಿದವರನ್ನೇ ಕೇಳಿ. ಹೊಟ್ಟೆ ಅವರದು.

ಆಪರೇಷನ್ ಆದಮೇಲೆ ಅವರ ಕನ್ನಡಕ, ಕಿವಿಯ ಯಂತ್ರ ಕೈಗೆ ಕೊಡಿ. ರಾತ್ರಿ ಏನೇನೋ ಬಡಬಡಿಸಿದರೆ ಹುಚ್ಚೆಂದು ಹೆದರಬೇಡಿ, ಡಾಕ್ಟರಿಗೆ ತಿಳಿಸಿ. ಹತ್ತಿರ ಪರಿಚಿತ ಮುಖವೊಂದಿರಲಿ. ಡಾಕ್ಟರು ಒಪ್ಪಿದ ದಿನವೇ ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿ.

ಮತ್ತೊಂದು ಬೆಳಗ್ಗೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ವಾರ್ಡೆಲ್ಲ ಕೇಳುವಂತೆ ಅದೇ ಪ್ರಶ್ನೆ ಹಾಕುತ್ತಾರೆ: ‘ಗಾಳಿ ಹೋಯಿತಾ ಅಜ್ಜಾ?’ ಅಜ್ಜ ನಾಚುತ್ತಾ ತಲೆಯಾಡಿಸಿದರೆ ಮನೆಯವರು ಹಬ್ಬ ಬಂದಂತೆ ನಗುತ್ತಾರೆ.